ನೀಲಿ ಹರಿವಾಣದ ಎರಡು ಹಕ್ಕಿಗಳು

ಇವತ್ತಿನ ಪೋಸ್ಟು ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಬಿಳಿ ಪಿಂಗಾಣಿ ಮೇಲೆ ನೀಲಿ ಚಿತ್ರ ಇರೋ ಇಂಗ್ಲಿಷ್ ತಟ್ಟೆಗಳನ್ನ ನೀವು ನೋಡಿರ್ತೀರಿ. ಹಳೇ ಸಾಮಾನಿನ ಅಂಗಡೀಲಿ, ಸಿನಿಮಾದಲ್ಲಿ, ಯಾರದೋ ಮನೆ ಶೋಕೇಸಲ್ಲಿ. ಒಂದು ಬಾಗಿದ ಮರ, ಸಣ್ಣ ಸೇತುವೆ, ನೀರು, ದೋಣಿ, ಚೀನಾ ಮಾದರಿಯ ಮನೆ. ಎಲ್ಲಕ್ಕಿಂತ ಮೇಲೆ, ಆಕಾಶದಲ್ಲಿ ಎದುರುಬದುರಾಗಿ ಹಾರೋ ಎರಡು ಹಕ್ಕಿ. ಇದಕ್ಕೆ ವಿಲೋ ಪ್ಯಾಟರ್ನ್ ಅಂತ ಹೆಸರು. ಆ ಬಾಗಿದ ಮರವೇ ವಿಲೋ. ಊಟದ ತಟ್ಟೆ, ಬಟ್ಟಲು, ಸಾಸರ್ ಎಲ್ಲದರ ಮೇಲೂ ಇದು ಬಂದಿದೆ. ಆದರೆ ಸಂಗ್ರಹ ಮಾಡೋರಿಗೆ ಹೆಚ್ಚು ಆಸೆ ಇರೋದು ಬಡಿಸೋ ಹರಿವಾಣದ ಮೇಲೆ. ಇಡೀ ಹಕ್ಕಿಯನ್ನೋ ದೊಡ್ಡ ಮಾಂಸದ ತುಂಡನ್ನೋ ಬೇಯಿಸಿ ಇಟ್ಟು ಮೇಜಿನ ಮಧ್ಯಕ್ಕೆ ತರೋ ಅಗಲದ ಹರಿವಾಣ. ಕೆಲವದರಲ್ಲಿ ಮಾಂಸದ ರಸ ಹರಿದು ಒಂದು ಮೂಲೆಗೆ ಸೇರಲಿ ಅಂತ ಮರದ ಕೊಂಬೆ ಥರ ಕಾಲುವೆ ಕೂಡ ಕೊರೆದಿರ್ತಾರೆ.

ಜಗತ್ತಿನಲ್ಲಿ ಇಷ್ಟೊಂದು ದೀರ್ಘಕಾಲ, ಇಷ್ಟೊಂದು ಕಡೆ ತಯಾರಾದ ತಟ್ಟೆ ಚಿತ್ರ ಇನ್ನೊಂದಿಲ್ಲ ಅಂದ್ರೂ ನಡೀತದೆ. ಇಂಗ್ಲೆಂಡಿನಲ್ಲಿ 1790ರ ಸುಮಾರಿಗೆ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಅಮೆರಿಕದ ಬಫಲೋ ಪಾಟರಿ 1905ರಲ್ಲಿ ತಯಾರಿಸಿತು, ಆಮೇಲೆ ಜಪಾನು ರಾಶಿರಾಶಿ ತಯಾರಿಸಿತು. ಮುದ್ರಿತ ಚಿತ್ರದ ತಟ್ಟೆಗಳಲ್ಲಿ ಇದೇ ಅಗ್ಗ. ಹಾಗಾಗಿ ದೊರೆ ಮನೇಲೂ ಇತ್ತು, ಗುಮಾಸ್ತನ ಮನೇಲೂ ಇತ್ತು.

ಇಷ್ಟು ಜನ ಇಷ್ಟು ವರ್ಷ ಊಟ ಮಾಡಿದ ಈ ತಟ್ಟೆ ಮೇಲೆ ಇರೋ ಕಥೆ ಏನು ಗೊತ್ತಾ? ಅದೊಂದು ಮರ್ಯಾದೆಗೇಡು ಹತ್ಯೆ.

ಕಥೆ ಹೀಗಿದೆ. ಒಬ್ಬ ದೊಡ್ಡ ಅಧಿಕಾರಿ. ಸುಂಕದ ಇಲಾಖೇಲಿ ಇದ್ದು ಲಂಚ ಹೊಡೆದು ದುಡ್ಡು ಮಾಡಿದವನು. ಅವನ ಲೆಕ್ಕಪತ್ರ ನೋಡ್ಕೊಳ್ಳೋ ಬಡ ಗುಮಾಸ್ತ ಚಾಂಗ್. ಅಧಿಕಾರಿಯ ಮಗಳು ಕೂಂಗ್‌ಶಿ. ಈ ಹುಡುಗ ಹುಡುಗಿ ಪ್ರೀತಿಸ್ತಾರೆ. ಅಪ್ಪನಿಗೆ ಗೊತ್ತಾಗತ್ತೆ. ಗುಮಾಸ್ತನನ್ನ ಓಡಿಸ್ತಾನೆ, ಮನೆ ಸುತ್ತ ನೀರಿನ ಅಂಚಿನವರೆಗೂ ಬೇಲಿ ಹಾಕಿಸ್ತಾನೆ, ಮಗಳನ್ನ ಕೂಡಿ ಹಾಕ್ತಾನೆ. ತನ್ನ ಅಂತಸ್ತಿನ ಒಬ್ಬ ಶ್ರೀಮಂತನ ಜೊತೆ ಮದುವೆ ಗೊತ್ತು ಮಾಡ್ತಾನೆ. ಚಾಂಗ್ ಅರ್ಧ ತೆಂಗಿನ ಚಿಪ್ಪಿಗೆ ಪುಟ್ಟ ಹಾಯಿ ಕಟ್ಟಿ, ಅದರೊಳಗೆ ಓಲೆ ಇಟ್ಟು ನೀರಲ್ಲಿ ತೇಲಿ ಬಿಡ್ತಾನೆ. ಅದು ಅವಳ ಕೈ ಸೇರತ್ತೆ. ಇಬ್ಬರೂ ಓಡಿ ಹೋಗ್ತಾರೆ.

ಈಗ ತಟ್ಟೆ ನೋಡಿ. ಸೇತುವೆ ಮೇಲೆ ಮೂರು ಜನ. ಮುಂದೆ ನೂಲುವ ಕೋಲು ಹಿಡಿದ ಹುಡುಗಿ. ನಡುವೆ ಒಡವೆ ಪೆಟ್ಟಿಗೆ ಹಿಡಿದ ಹುಡುಗ. ಹಿಂದೆ ಬರ್ತಿರೋನು ಅಪ್ಪ, ಕೈಲಿ ಚಾವಟಿ. ಮುಂಭಾಗದಲ್ಲಿ ಅಡ್ಡಡ್ಡ ಕಾಣೋದು ಆ ಬೇಲಿ. ದೋಣಿ ಅವರು ತಪ್ಪಿಸಿಕೊಂಡ ದೋಣಿ. ಮೇಲೆ ಎಡಕ್ಕೆ ಕಾಣೋ ದ್ವೀಪ ಅವರು ಹೋಗಿ ಬದುಕಿದ ಜಾಗ.

ಆ ದ್ವೀಪದಲ್ಲಿ ಚಾಂಗ್ ಸುಮ್ಮನೆ ಕೂರಲಿಲ್ಲ. ಪಾಳು ಬಿದ್ದ ನೆಲ ಉತ್ತು ಬಿತ್ತಿ ಬೆಳೆ ತೆಗೆದ. ಆಮೇಲೆ ಬೇಸಾಯದ ಬಗ್ಗೆ ಪುಸ್ತಕ ಬರೆದ. ಪುಸ್ತಕದಿಂದ ಹೆಸರು ಬಂತು. ಹೆಸರು ಬಂದದ್ದೇ ಮುಳುವಾಯ್ತು. ಇವರೆಲ್ಲಿದ್ದಾರೆ ಅಂತ ಗೊತ್ತಾಗಿ, ಮದುವೆ ಗೊತ್ತಾಗಿದ್ದ ಆ ಶ್ರೀಮಂತ ಸೈನಿಕರನ್ನ ಕರ್ಕೊಂಡು ಬಂದು ಚಾಂಗನನ್ನ ಕೊಲ್ಲಿಸಿದ. ಕೂಂಗ್‌ಶಿ ಮನೆಗೆ ಬೆಂಕಿ ಹಚ್ಚಿ ಒಳಗೇ ಸತ್ತಳು. ದೇವರುಗಳಿಗೆ ಮರುಕ ಹುಟ್ಟಿ ಇಬ್ಬರನ್ನೂ ಪಾರಿವಾಳ ಮಾಡಿದರು. ತಟ್ಟೆ ಮೇಲಿನ ಆ ಎರಡು ಹಕ್ಕಿ ಅವರೇ.

ಓದ್ತಾ ಇದ್ರೆ ಇದು ಎಲ್ಲೋ ಕೇಳಿದ ಹಾಗೆ ಅನಿಸಲ್ವಾ? ಕೆಳಗಿನ ಅಂತಸ್ತಿನ ಹುಡುಗ, ಮೇಲಿನ ಅಂತಸ್ತಿನ ಹುಡುಗಿ. ಕೂಡಿ ಹಾಕಿದ ಕೋಣೆ. ಹಿಂದೆ ಬಿದ್ದ ಅಪ್ಪ. ದೂರದ ಊರಲ್ಲಿ ಬಾಡಿಗೆ ಮನೆ ಮಾಡಿ, ದುಡಿದು ತಲೆ ಎತ್ತೋ ಹೊತ್ತಿಗೆ ಹುಡುಕಿಕೊಂಡು ಬಂದ ಗಂಡಸರು. ನಮ್ಮ ಪೇಪರಿನಲ್ಲಿ ವರ್ಷಕ್ಕೆ ಎಷ್ಟು ಸಲ ಓದ್ತೀವಿ ಇದನ್ನ?

ಇನ್ನೊಂದು ವಿಷಯ. ಈ ಕಥೆ ಚೀನಾದ್ದಲ್ಲ. ಚಿತ್ರವೂ ಚೀನಾದ್ದಲ್ಲ. ಚೀನಾದಿಂದ ಬರ್ತಿದ್ದ ನೀಲಿ ಪಿಂಗಾಣಿ ನೋಡಿ ಇಂಗ್ಲಿಷ್ ಕೆತ್ತನೆಗಾರರು ತಮಗೆ ತೋಚಿದ ಹಾಗೆ ಚಿತ್ರ ಜೋಡಿಸಿದರು. ಚಿತ್ರ ಬಂದು ಐವತ್ತು ವರ್ಷದ ಮೇಲೆ ಅದಕ್ಕೊಂದು ಕಥೆ ಹೊಸೆದರು. ಈ ಕಥೆ ವಿವರವಾಗಿ ಅಚ್ಚಾದದ್ದು 1849ರಲ್ಲಿ, ‘ದಿ ಫ್ಯಾಮಿಲಿ ಫ್ರೆಂಡ್’ ಅನ್ನೋ ಇಂಗ್ಲಿಷ್ ಪತ್ರಿಕೇಲಿ. ಇಸವಿ ಗಮನಿಸಿ. ಅಫೀಮು ಮಾರೋದಕ್ಕೆ ಅಂತ ಬ್ರಿಟನ್ ಚೀನಾದ ಮೇಲೆ ಮಾಡಿದ ಮೊದಲ ಯುದ್ಧ ಮುಗಿದದ್ದು 1842ರಲ್ಲಿ. ಏಳು ವರ್ಷಕ್ಕೆ ‘ನೋಡಿ, ಚೀನಾದ ಅಪ್ಪಂದಿರು ಎಂಥ ಕ್ರೂರಿಗಳು’ ಅನ್ನೋ ಕಥೆ ಇಂಗ್ಲಿಷರ ಊಟದ ಮೇಜಿಗೆ ಬಂತು.

ಹಾಗಂತ ಇಂಗ್ಲೆಂಡಿನ ಅಪ್ಪಂದಿರು ದೇವರಾಗಿದ್ದರಾ? 1753ರ ಮದುವೆ ಕಾಯ್ದೆ ಪ್ರಕಾರ 21 ತುಂಬದವರು ಅಪ್ಪನ ಒಪ್ಪಿಗೆ ಇಲ್ಲದೆ ಪರವಾನಗಿ ಪಡೆದು ಮದುವೆ ಆಗೋ ಹಾಗಿರಲಿಲ್ಲ. ಈ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯ ಆಗ್ತಿರಲಿಲ್ಲ. ಅದಕ್ಕೇ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಅನ್ನೋ ಹಳ್ಳಿಗೆ ಓಡಿ ಹೋಗಿ ಮದುವೆ ಆಗ್ತಿದ್ದರು. ಅಂದ್ರೆ ಸೇತುವೆ ಮೇಲೆ ಓಡೋರು ಅವರ ಮನೆ ಮಕ್ಕಳೇ. ಆದರೆ ತಟ್ಟೆ ಮೇಲೆ ಚೀನಾದ ಬಟ್ಟೆ ತೊಡಿಸಿದರೆ ಅದು ಬೇರೆಯವರ ಪಾಪ ಆಗತ್ತೆ. ನಮ್ಮಲ್ಲೂ ಇದೇ ಚಾಳಿ. ಮರ್ಯಾದೆಗೇಡು ಹತ್ಯೆ ಅಂದ ಕೂಡಲೇ ‘ಅದು ಹರಿಯಾಣದ ಖಾಪ್ ಪಂಚಾಯ್ತಿ ಕಡೆ’ ಅಂತೀವಿ. ಕರ್ನಾಟಕದಲ್ಲಿ ನಡೆದರೆ ‘ಕೌಟುಂಬಿಕ ಕಲಹ’ ಅಂತ ಸುದ್ದಿ ಆಗತ್ತೆ.

ಈಗ ತಟ್ಟೆಯನ್ನ ತಿರುಗಿಸಿ ಹಿಂಭಾಗ ನೋಡೋಣ. ಸಂಗ್ರಹಕಾರರು ಮೊದಲು ಮಾಡೋದೇ ಅದು. ಹಿಂದೆ ಒತ್ತಿರೋ ಮುದ್ರೆಯಿಂದ ವಯಸ್ಸು ಗೊತ್ತಾಗತ್ತೆ. ಅಮೆರಿಕದ ಮೆಕಿನ್ಲೆ ಸುಂಕ ಕಾಯ್ದೆ ಬಂದದ್ದು 1890ರಲ್ಲಿ. ಅದರ ಪ್ರಕಾರ ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕಿತ್ತು. ಹಾಗಾಗಿ ‘ಇಂಗ್ಲೆಂಡ್’ ಅಂತ ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ‘ಮೇಡ್ ಇನ್ ಇಂಗ್ಲೆಂಡ್’ ಅಂತಿದ್ದರೆ ಬಹುಮಟ್ಟಿಗೆ 20ನೇ ಶತಮಾನದ್ದು. ‘ಆಕ್ಯುಪೈಡ್ ಜಪಾನ್’ ಅಂತಿದ್ದರೆ ಎರಡನೇ ಮಹಾಯುದ್ಧದ ನಂತರ, 1952ಕ್ಕಿಂತ ಮೊದಲಿನದು. ಮುದ್ರೆ ಇಲ್ಲದ ಹಳೇ ತಟ್ಟೆ ಆದರೆ ಬೇಲಿಯ ವಿನ್ಯಾಸ, ಮರದ ಹಣ್ಣು, ಅಂಚಿನ ಚಿತ್ತಾರ ನೋಡಿ ಯಾವ ಕಾರ್ಖಾನೆ ಅಂತ ಊಹಿಸ್ತಾರೆ.

ಹಿಂಭಾಗದಲ್ಲಿ ಮಾಲೀಕರ ಹೆಸರು ಸಿಗತ್ತೆ, ದೇಶದ ಹೆಸರು ಸಿಗತ್ತೆ. ದುಡಿದವರ ಹೆಸರು?

ಈ ತಟ್ಟೆಗಳ ತವರು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್, ಇವತ್ತಿನ ಸ್ಟೋಕ್ ಆನ್ ಟ್ರೆಂಟ್ ಊರಿನ ಸುತ್ತಮುತ್ತ. ಚಿತ್ರವನ್ನ ಯಾರೂ ಕುಂಚದಲ್ಲಿ ಬರೀತಿರಲಿಲ್ಲ. ತಾಮ್ರದ ತಗಡಿನ ಮೇಲೆ ಕೆತ್ತಿ, ಬಣ್ಣ ತುಂಬಿ, ತೆಳ್ಳನೆ ಕಾಗದಕ್ಕೆ ಒತ್ತಿ ಇಳಿಸ್ತಿದ್ದರು. ಆ ಕಾಗದ ಹಸಿ ಇರೋವಾಗಲೇ ಕತ್ತರಿಸೋಳು ಒಬ್ಬ ಹುಡುಗಿ. ಒಂದು ಸಲ ಸುಟ್ಟ ತಟ್ಟೆ ಮೇಲೆ ಅದನ್ನ ಅಂಟಿಸಿ, ಉಜ್ಜಿ, ನೀರಲ್ಲಿ ಕಾಗದ ತೊಳೆದು ತೆಗೆಯೋರು ಹೆಂಗಸರು. ಅಂದ್ರೆ ಆ ಎರಡು ಹಕ್ಕಿಗಳನ್ನ ಆಕಾಶದಲ್ಲಿ ಕೂರಿಸಿದ ಕೈ ಹೆಣ್ಣುಮಕ್ಕಳದು. ಆಮೇಲೆ ತಟ್ಟೆಯನ್ನ ಮೆರುಗಿನ ದ್ರಾವಣಕ್ಕೆ ಅದ್ದಬೇಕು. ಆ ಮೆರುಗಿನಲ್ಲಿ ಸೀಸ. ಅದ್ದೋರಿಗೆ, ಒರೆಸೋರಿಗೆ ಸೀಸ ಮೈಗೆ ಇಳಿದು ಕೈ ಜೋತುಬೀಳ್ತಿತ್ತು, ಕಣ್ಣು ಹೋಗ್ತಿತ್ತು, ಬಸಿರು ನಿಲ್ತಿರಲಿಲ್ಲ. 1890ರ ದಶಕದ ಕೊನೆಗೆ ಇದು ಇಂಗ್ಲೆಂಡಿನಲ್ಲಿ ದೊಡ್ಡ ಗದ್ದಲ ಆಗಿ ಸರ್ಕಾರ ತಜ್ಞರನ್ನ ಕಳಿಸಬೇಕಾಯ್ತು.

ಮಕ್ಕಳ ಪಾಡು ಕೇಳಿ. ತಟ್ಟೆ ತಯಾರಿಸೋ ಕೆಲಸಗಾರನಿಂದ ಅಚ್ಚನ್ನ ತಗೊಂಡು ಬಿಸಿ ಒಲೆ ಕೋಣೆಗೆ ಓಡೋದು, ಅಲ್ಲಿಂದ ಖಾಲಿ ಅಚ್ಚು ತಗೊಂಡು ವಾಪಸ್ ಓಡೋದು, ದಿನವಿಡೀ ಇದೇ. ಚಾರ್ಲ್ಸ್ ಶಾ ಅನ್ನೋರು ಏಳನೇ ವಯಸ್ಸಿಗೆ ಈ ಕೆಲಸಕ್ಕೆ ಸೇರಿದವರು. ಮುದುಕರಾದ ಮೇಲೆ ತಮ್ಮ ಬಾಲ್ಯದ ಕಥೆ ಬರೆದರು, 1903ರಲ್ಲಿ ಪುಸ್ತಕ ಆಯ್ತು. 1841ರಲ್ಲಿ ಸರ್ಕಾರದ ಕಡೆಯಿಂದ ಸ್ಯಾಮ್ಯುಯೆಲ್ ಸ್ಕ್ರಿವನ್ ಬಂದು ಈ ಮಕ್ಕಳನ್ನೇ ಕೂರಿಸಿ ಮಾತಾಡಿಸಿ ವರದಿ ಬರೆದ. ಕಾರ್ಖಾನೆ ಕಾಯ್ದೆ ಕುಂಬಾರಿಕೆ ಕಾರ್ಖಾನೆಗಳಿಗೂ ಅನ್ವಯ ಆಗಿದ್ದು 1864ರಲ್ಲಿ. ನಡುವೆ 23 ವರ್ಷ! ಅಷ್ಟು ವರ್ಷವೂ ಮಕ್ಕಳು ಓಡ್ತಾನೇ ಇದ್ದರು, ಜನ ತಟ್ಟೆ ಮೇಲಿನ ಪ್ರೇಮಕಥೆ ಓದಿ ಕಣ್ಣೀರು ಹಾಕ್ತಾನೇ ಇದ್ದರು. ತಟ್ಟೆ ಮೇಲಿನ ಹಕ್ಕಿಗೆ ಮರುಗೋದು ಸುಲಭ ಕಣ್ರೀ. ತಟ್ಟೆ ಹೊತ್ತ ಮಗುವಿಗೆ ಮರುಗೋದು ಕಷ್ಟ.

ಕಥೆಯ ತೆಂಗಿನ ಚಿಪ್ಪಿಗೆ ಮತ್ತೆ ಬರ್ತೀನಿ. ಚಾಂಗ್‌ಗೆ ಅದು ಪ್ರೀತಿಯ ದೋಣಿ. ನಮ್ಮ ಅಜ್ಜ ಅಜ್ಜಿಯರಿಗೆ ತೆಂಗಿನ ಚಿಪ್ಪು ಅಂದ್ರೆ ಹೋಟೆಲಿನ ಹೊರಗೆ ನಿಂತು ಟೀ ಕುಡಿದ ಪಾತ್ರೆ. ಎತ್ತರದಿಂದ ಸುರೀತಿದ್ದರು, ಚಿಪ್ಪಿಗೂ ಲೋಟಕ್ಕೂ ತಾಗಬಾರದು ಅಂತ. ಆಮೇಲೆ ಚಿಪ್ಪು ಹೋಗಿ ಬೇರೆ ಲೋಟ ಬಂತು. ಇನ್ನು ಪಿಂಗಾಣಿ. ಮಡಿಯ ಮನೆಗಳ ಅಡುಗೆಕೋಣೆಗೆ ಅದಕ್ಕೆ ಬಹುಕಾಲ ಪ್ರವೇಶವೇ ಇರಲಿಲ್ಲ. ಲೋಹ ಆದರೆ ಬೆಳಗಿ ಶುದ್ಧ ಮಾಡಬಹುದು, ಸುಟ್ಟ ಮಣ್ಣು ಒಂದು ಸಲ ಮೈಲಿಗೆ ಆದರೆ ಮುಗೀತು ಅನ್ನೋ ಲೆಕ್ಕ. ಹೊರಗಿನವರು ಬಂದರೆ ಕೊಡೋಕೆ ಅಂತ ಪಿಂಗಾಣಿ ಕಪ್ಪನ್ನ ಬೇರೆ ಗೂಡಲ್ಲಿ ಇಡ್ತಿದ್ದರು. ಇವತ್ತು ಅದೇ ಪಿಂಗಾಣಿ ‘ಆಂಟೀಕ್’ ಆಗಿ ಹಾಲ್‌ನಲ್ಲಿ ದೀಪದ ಕೆಳಗೆ ಕೂತಿದೆ. ವಸ್ತುವಿಗೆ ಮೈಲಿಗೆ ಕಳೀತು. ಮನುಷ್ಯರಿಗೆ ಕಳೀತಾ? ಆ ಹಾಲ್‌ನ ಮಗಳು ನಮ್ಮ ಕೇರಿ ಹುಡುಗನನ್ನ ಮದುವೆ ಆಗ್ತೀನಿ ಅಂದ ದಿನ ಗೊತ್ತಾಗತ್ತೆ.

ನಮ್ಮ ನೆಲದಲ್ಲಿ ಈ ಕಥೆಗೆ ಇನ್ನೊಂದು ರೂಪ ಇದೆ. 12ನೇ ಶತಮಾನದ ಕಲ್ಯಾಣ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆ ಆಯ್ತು ಅಂತ ಪರಂಪರೆ ಹೇಳತ್ತೆ. ಊರು ಕುದಿಯಿತು. ಬಿಜ್ಜಳನ ಆಳ್ವಿಕೆ ಅಪ್ಪಂದಿರಿಗೆ ಎಳೆಹೂಟೆ ಶಿಕ್ಷೆ ಕೊಟ್ಟಿತು, ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಕಲ್ಯಾಣವೇ ಹೊತ್ತಿ ಉರಿಯಿತು.

ಎರಡೂ ಕಥೆ ಪಕ್ಕಪಕ್ಕ ಇಟ್ಟು ನೋಡಿ. ಇಂಗ್ಲಿಷರ ತಟ್ಟೆ ಮೇಲಿನ ಅಪ್ಪ ಚಾವಟಿ ಹಿಡಿದಿದ್ದಾನೆ. ಕಲ್ಯಾಣದ ಅಪ್ಪಂದಿರು ಮಕ್ಕಳ ಜೊತೆ ನಿಂತಿದ್ದಾರೆ, ಅದಕ್ಕೇ ಪ್ರಾಣ ಕೊಟ್ಟಿದ್ದಾರೆ. ಮೇಲ್ಜಾತಿಯಿಂದ ಬಂದ ಅಪ್ಪನೂ ನಿಂತಿದ್ದಾನೆ ಅನ್ನೋದು ಇಲ್ಲಿ ಮುಖ್ಯ. ಅಲ್ಲಿ ಸತ್ತ ಮೇಲೆ ದೇವರು ಬಂದು ಹಕ್ಕಿ ಮಾಡಿದ. ಇಲ್ಲಿ ಯಾವ ದೇವರೂ ಬರಲಿಲ್ಲ, ಯಾರೂ ಹಕ್ಕಿ ಆಗಲಿಲ್ಲ. ಸತ್ತವರು ಮನುಷ್ಯರಾಗಿಯೇ ಸತ್ತರು. ಅದಕ್ಕೇ ಈ ಕಥೆಯನ್ನ ಯಾರೂ ಊಟದ ತಟ್ಟೆ ಮೇಲೆ ಬರೆಯಲಿಲ್ಲ. ಹಕ್ಕಿ ಆದರೆ ನೋಡೋಕೆ ಚೆಂದ, ಯಾರೂ ಅಪರಾಧಿ ಅಲ್ಲ, ಯಾರಿಗೂ ಶಿಕ್ಷೆ ಇಲ್ಲ.

ನನ್ನ ತಕರಾರು ಇದೇ. ಕೊಂದ ಮೇಲೆ ಅಮರ ಪ್ರೇಮಿಗಳು ಅಂತ ಹಾಡು ಕಟ್ಟೋದು ಬೇಡ. ಬದುಕೋಕೆ ಬಿಡಿ.

ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಅಂದರು. 1948ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದ ಡಾ. ಶಾರದಾ ಕಬೀರ್ ಅವರನ್ನ ಮದುವೆ ಆದರು. 1954ರಲ್ಲಿ ವಿಶೇಷ ವಿವಾಹ ಕಾಯ್ದೆ ಬಂತು. ಆದರೆ ಅದರಲ್ಲೇ ಒಂದು ಬೇಲಿ ಇದೆ. ಮದುವೆಗೆ 30 ದಿನ ಮೊದಲು ನೋಟಿಸ್ ಕೊಡಬೇಕು, ಅದನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸಬೇಕು. ಚಾಂಗ್ ಎಲ್ಲಿದ್ದಾನೆ ಅಂತ ಅವನ ಪುಸ್ತಕ ಹೇಳಿಕೊಟ್ಟಿತು, ನಮ್ಮ ಮಕ್ಕಳು ಎಲ್ಲಿದ್ದಾರೆ ಅಂತ ಸರ್ಕಾರದ ಬೋರ್ಡೇ ಹೇಳಿಕೊಡತ್ತೆ. 2012ರಲ್ಲಿ ಕಾನೂನು ಆಯೋಗ ತನ್ನ 242ನೇ ವರದಿಯಲ್ಲಿ ಪ್ರತ್ಯೇಕ ಕಾನೂನು ಬೇಕು ಅಂತ ಶಿಫಾರಸು ಮಾಡಿತು. 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಬ್ಬರು ವಯಸ್ಕರ ಮದುವೆಗೆ ಕುಟುಂಬದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಜಿಲ್ಲೆಗಳಲ್ಲಿ ವಿಶೇಷ ಘಟಕ, ಸುರಕ್ಷಿತ ಮನೆ, ಸಹಾಯವಾಣಿ ಬೇಕು ಅಂತಲೂ ಹೇಳಿತು. ನಿಮ್ಮ ಜಿಲ್ಲೆಯ ಸುರಕ್ಷಿತ ಮನೆ ಎಲ್ಲಿದೆ ಅಂತ ಎಸ್ಪಿ ಆಫೀಸಲ್ಲಿ ಒಂದು ಸಲ ಕೇಳಿ ನೋಡಿ. ಕೇಳಿದ್ದನ್ನ ಇಲ್ಲಿ ಕಾಮೆಂಟಲ್ಲಿ ಬರೀರಿ.

ಹಾಗಾದ್ರೆ ಆ ನೀಲಿ ಹರಿವಾಣ ಸಿಕ್ಕರೆ ಒಡೆದು ಹಾಕಬೇಕಾ? ಖಂಡಿತ ಬೇಡ. ಅದರಲ್ಲಿ ದುಡಿದ ಹೆಣ್ಣುಮಕ್ಕಳ ಬೆರಳಿದೆ. ನೀಲಿ ನಮ್ಮ ಬಣ್ಣ ಬೇರೆ. ತಗೊಳ್ಳಿ, ಬಳಸಿ. ತಗೊಳ್ಳೋ ಮೊದಲು ಬೆರಳಲ್ಲಿ ತಟ್ಟಿ. ಗಣ್ ಅಂದ್ರೆ ಗಟ್ಟಿ, ಮಂದವಾದ ಸದ್ದು ಬಂದರೆ ಎಲ್ಲೋ ಬಿರುಕಿದೆ. ಮೆರುಗಿನ ಮೇಲೆ ಜೇಡರ ಬಲೆ ಥರ ಸಣ್ಣ ಗೆರೆ ಇದ್ದರೆ ಅದರೊಳಗೆ ಎಣ್ಣೆ ಜಿಡ್ಡು ಇಳಿದು ಕಂದು ಕಲೆ ಆಗತ್ತೆ. ಹಳೇ ಮೆರುಗಿನಲ್ಲಿ ಸೀಸ ಇರೋ ಸಾಧ್ಯತೆ ಹೆಚ್ಚು. ಹಾಗಾಗಿ ಹುಣಸೆ, ನಿಂಬೆ, ಮೊಸರು, ಉಪ್ಪಿನಕಾಯಿ ಅದರಲ್ಲಿ ಇಡಬೇಡಿ. ಸಾಮಾನು ಬಹುಕಾಲ ತುಂಬಿಡಬೇಡಿ. ಮೈಕ್ರೋವೇವ್‌ಗೂ ಹಾಕಬೇಡಿ. ಸಿಪ್ಪೆ ಸುಲಿಯದ ಬಾಳೆಹಣ್ಣು, ಒಣ ತಿಂಡಿ ಇಟ್ಟು ಬಂದವರ ಮುಂದೆ ಹಿಡೀರಿ.

ಹಿಡಿದಾಗ ಮಕ್ಕಳು ಕೇಳ್ತಾರೆ, ಈ ಹಕ್ಕಿಗಳು ಯಾರು ಅಂತ. ಪಾರಿವಾಳ ಅಂತ ಹೇಳಿ ಸುಮ್ಮನಾಗಬೇಡಿ. ಸೇತುವೆ ಮೇಲಿನ ಮೂರನೇ ಮನುಷ್ಯನನ್ನ ಬೆರಳಿಟ್ಟು ತೋರಿಸಿ. ಅವನ ಕೈಲಿರೋದು ಏನು ಅಂತ ಕೇಳಿ. ನಮ್ಮ ಮನೇಲಿ ಆ ಕೈ ಯಾವತ್ತೂ ಏಳಲ್ಲ ಅಂತ ಅದೇ ಮೇಜಿನ ಮುಂದೆ ಮಾತು ಕೊಡಿ.

ಜೈ ಭೀಮ್.