ಕೃಷಿ ತ್ಯಾಜ್ಯದಿಂದ ಕೃತಕ ಬಟ್ಟೆಗಳ ಗುಣವರ್ಧನೆ

ಕೃಷಿ ತ್ಯಾಜ್ಯದಿಂದ ಕೃತಕ ಬಟ್ಟೆಗಳ ಗುಣವರ್ಧನೆ ಎಂಬುದು ಕೃಷಿ ಹಾಗೂ ಕೃಷಿ ಆಧಾರಿತ ಉದ್ಯಮಗಳ ತ್ಯಾಜ್ಯದಿಂದ ಉಪಯುಕ್ತ ಪದಾರ್ಥಗಳನ್ನು ಬೇರ್ಪಡಿಸಿ, ಅವುಗಳನ್ನು ಪಾಲಿಯೆಸ್ಟರ್, ನೈಲಾನ್ ಮೊದಲಾದ ಬಟ್ಟೆಗಳಿಗೆ ಲೇಪಿಸುವ ಅಥವಾ ಎಳೆಯಲ್ಲಿಯೇ ಬೆರೆಸುವ ತಂತ್ರ. ಕರ್ನಾಟಕದ ಮಟ್ಟಿಗೆ ಇದರಲ್ಲಿ ಮುಖ್ಯವಾದುದು ರೇಷ್ಮೆಗೂಡಿನ ಅಂಟಾದ ಸೆರಿಸಿನ್.

== ಹಿನ್ನೆಲೆ ==
ಪಾಲಿಯೆಸ್ಟರ್ ಬಟ್ಟೆ ಅಗ್ಗ, ಗಟ್ಟಿ ಮತ್ತು ಬೇಗ ಒಣಗುವಂಥದ್ದು. ಆದರೆ ಅದು ತೇವವನ್ನು ಹೀರುವುದಿಲ್ಲ. ಪ್ರಮಾಣಿತ ವಾತಾವರಣದಲ್ಲಿ ರೇಷ್ಮೆಯು ತನ್ನ ಒಣ ತೂಕದ ಸುಮಾರು ಶೇ. 11ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ, ಪಾಲಿಯೆಸ್ಟರ್ ಕೇವಲ ಶೇ. 0.4ರಷ್ಟನ್ನು ಹಿಡಿಯುತ್ತದೆ. ಆದ್ದರಿಂದ ಬೆವರು ಮೈಗೆ ಅಂಟುತ್ತದೆ. ಒಣ ಹವೆಯಲ್ಲಿ ಬಟ್ಟೆಯ ಮೇಲೆ ಸ್ಥಿರ ವಿದ್ಯುತ್ ಸಂಗ್ರಹವಾಗುತ್ತದೆ.

== ಸೆರಿಸಿನ್ ==
ರೇಷ್ಮೆ ಎಳೆಯ ತಿರುಳು ಫೈಬ್ರೋಯಿನ್ ಎಂಬ ಪ್ರೋಟೀನು. ಅದನ್ನು ಸುತ್ತುವರಿದ ಅಂಟು ಪ್ರೋಟೀನೇ ಸೆರಿಸಿನ್. ಗೂಡಿನ ಪೊರೆಯ ತೂಕದಲ್ಲಿ ಇದರ ಪಾಲು ಶೇ. 20ರಿಂದ 30. ನೂಲನ್ನು ಸಾಬೂನು ಮತ್ತು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಅಂಟು ತೆಗೆದಾಗ ಸೆರಿಸಿನ್ ನೀರುಪಾಲಾಗುತ್ತದೆ. ಆ ನೀರನ್ನು ಶುದ್ಧೀಕರಿಸದೆ ಹರಿಯಬಿಟ್ಟರೆ, ಅದರಲ್ಲಿನ ಪ್ರೋಟೀನು ಕೊಳೆಯುವಾಗ ಕೆರೆ-ಕಾಲುವೆಗಳ ಆಮ್ಲಜನಕ ಕುಗ್ಗುತ್ತದೆ. ಸೆರಿಸಿನ್ ಅನ್ನು ಮರಳಿ ಪಡೆಯುವುದರಿಂದ ಮಾಲಿನ್ಯವೂ ತಗ್ಗುತ್ತದೆ.

ಭಾರತದಲ್ಲಿ ಹಿಪ್ಪುನೇರಳೆ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕವು ಮುಂಚೂಣಿಯಲ್ಲಿದೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ದೊಡ್ಡ ಗೂಡಿನ ಮಾರುಕಟ್ಟೆಗಳಿವೆ. 1948ರ ಕಾಯ್ದೆಯನ್ವಯ ರಚನೆಯಾದ ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿಯು ದಕ್ಷಿಣ ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯಲ್ಲಿದೆ. ಮಂಡಳಿಯ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯು ನೂಲು ಬಿಚ್ಚಾಣಿಕೆಯಿಂದ ಬಟ್ಟೆಯ ಸಂಸ್ಕರಣೆಯವರೆಗಿನ ಹಂತಗಳ ಕುರಿತು ಸಂಶೋಧನೆ ನಡೆಸುತ್ತದೆ.

== ಲೇಪನ ವಿಧಾನ ==
ಪಾಲಿಯೆಸ್ಟರ್‌ನ ನುಣುಪು ಮೈಗೆ ಸೆರಿಸಿನ್ ತಾನಾಗಿ ಹಿಡಿಯುವುದಿಲ್ಲ.
# ಮೊದಲು ಬಟ್ಟೆಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸಂಸ್ಕರಿಸುತ್ತಾರೆ. ಆಗ ಎಳೆಯ ಹೊರಮೈಯಲ್ಲಿ ಕಾರ್ಬಾಕ್ಸಿಲ್ ಮತ್ತು ಹೈಡ್ರಾಕ್ಸಿಲ್ ಗುಂಪುಗಳು ಉಂಟಾಗುತ್ತವೆ.
# ಅನಂತರ ಸೆರಿಸಿನ್ ಹಾಗೂ ಬಂಧಕ ರಾಸಾಯನಿಕವಿರುವ ದ್ರಾವಣದಲ್ಲಿ ಅದ್ದಿ, ಉರುಳೆಗಳ ನಡುವೆ ಹಿಂಡುತ್ತಾರೆ.
# ಕೊನೆಗೆ ಒಣಗಿಸಿ, ಶಾಖ ಕೊಟ್ಟು ಲೇಪನವನ್ನು ಗಟ್ಟಿಗೊಳಿಸುತ್ತಾರೆ.

ಸೆರಿಸಿನ್‌ನಲ್ಲಿ ನೀರನ್ನು ಸೆಳೆಯುವ ಸೆರಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಹೀಗಾಗಿ ಬಟ್ಟೆಯ ತೇವಗ್ರಾಹಕತೆ ಹೆಚ್ಚಿ, ಸ್ಥಿರ ವಿದ್ಯುತ್ತಿನ ತೊಂದರೆ ಕಡಿಮೆಯಾಗುತ್ತದೆ.

== ಇತರ ತ್ಯಾಜ್ಯಗಳು ==
* '''ತೆಂಗಿನ ಕರಟ:''' ಇದರ ಸಕ್ರಿಯ ಇದ್ದಿಲ ಪುಡಿಯನ್ನು ಎಳೆ ತೆಗೆಯುವ ಮೊದಲೇ ಕರಗಿದ ಪಾಲಿಯೆಸ್ಟರ್‌ಗೆ ಬೆರೆಸುತ್ತಾರೆ. ಇದ್ದಿಲಿನ ಸೂಕ್ಷ್ಮ ರಂಧ್ರಗಳು ವಾಸನೆಯನ್ನು ಹೀರುತ್ತವೆ.
* '''ಕಾಫಿ ಚರಟ:''' ತೈವಾನಿನ ಸಿಂಗ್‌ಟೆಕ್ಸ್ ಕಂಪನಿಯು ಇದನ್ನು ಬೆರೆಸಿದ ನೂಲನ್ನು ತಯಾರಿಸುತ್ತದೆ.
* '''ದಾಳಿಂಬೆ ಸಿಪ್ಪೆ:''' ಇದರ ಟ್ಯಾನಿನ್ ನೈಲಾನಿಗೆ ಬಣ್ಣವನ್ನೂ ಬ್ಯಾಕ್ಟೀರಿಯಾ ನಿರೋಧಕ ಗುಣವನ್ನೂ ಕೊಡುತ್ತದೆ.

== ಮಿತಿಗಳು ==
ಬಂಧವು ಬಲವಾಗಿರದಿದ್ದರೆ ಪದೇ ಪದೇ ಒಗೆದಾಗ ಸೆರಿಸಿನ್ ಲೇಪನ ಕಳಚುತ್ತದೆ. ಬಂಧಕವಾಗಿ ಬಳಸುವ ಗ್ಲುಟರಾಲ್ಡಿಹೈಡ್ ವಿಷಕಾರಿಯಾದ್ದರಿಂದ ಸಿಟ್ರಿಕ್ ಆಮ್ಲದಂತಹ ಪರ್ಯಾಯಗಳನ್ನೂ ಪ್ರಯೋಗಿಸಲಾಗಿದೆ. ಕ್ಷಾರ ಹೆಚ್ಚಾದರೆ ಬಟ್ಟೆ ತೆಳುವಾಗಿ ಬಲ ಕಳೆದುಕೊಳ್ಳುತ್ತದೆ. ಲೇಪನದ ನಂತರವೂ ಒಳಗಿನ ಎಳೆ ಪ್ಲಾಸ್ಟಿಕ್ಕೇ ಆಗಿರುತ್ತದೆ. ಅದು ಮಣ್ಣಿನಲ್ಲಿ ಸುಲಭವಾಗಿ ಕೊಳೆಯುವುದಿಲ್ಲ.