ಒಬ್ಬರ ಅಪಾಯ, ಇನ್ನೊಬ್ಬರ ಹಕ್ಕು: ಬೆಂಗಳೂರಿನ ಅಂಚಿನಲ್ಲಿ ಮನೆ–ನಿವೇಶನದ ಹೂಡಿಕೆ

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1089 ಚದರಡಿ. ಬೆಂಗಳೂರಿನಲ್ಲಿ ಸೈಟು ಎಂದೊಡನೆ ಎಲ್ಲರ ಮನಸ್ಸಿಗೂ ಬರುವ 30x40, ಅಂದರೆ 1200 ಚದರಡಿ, ಗುಂಟೆಗಿಂತ ತುಸು ದೊಡ್ಡದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಒಂದು 30x40 ಸೈಟು ಆಗಬೇಕಾದರೆ ಭೂಪರಿವರ್ತನೆ, ಬಡಾವಣೆಯ ನಕ್ಷೆಗೆ ಮಂಜೂರಾತಿ, ರಸ್ತೆ, ಚರಂಡಿ, ಉದ್ಯಾನಕ್ಕೆ ಬಿಟ್ಟ ಜಾಗ ಇವೆಲ್ಲ ಆಗಬೇಕು. ಕ್ರಮಬದ್ಧ ಬಡಾವಣೆಯಲ್ಲಿ ಜಮೀನಿನ ಅರ್ಧದಷ್ಟು ಪಾಲು ಇವಕ್ಕೇ ಹೋಗುತ್ತದೆ. ಇವ್ಯಾವೂ ಆಗದ ರೆವಿನ್ಯೂ ಸೈಟು ಅಗ್ಗವಾಗಿ ಸಿಗುವುದಕ್ಕೆ ಮುಖ್ಯ ಕಾರಣ ಇದು: ಉದ್ಯಾನವೂ ಅಲ್ಲಿ ಸೈಟಾಗಿ ಮಾರಾಟವಾಗಿರುತ್ತದೆ. ಈ ಅಗ್ಗದ ಬೆಲೆಯಲ್ಲಿ ಸೇರದೆ ಉಳಿದ ಹಕ್ಕುಗಳು ಯಾರವು ಎಂಬುದು ಈ ಲೇಖನದ ಪ್ರಶ್ನೆ. ಹೂಡಿಕೆದಾರರು ಅಪಾಯ ಎಂದು ಕರೆಯುವುದನ್ನು ಬಿಚ್ಚಿ ನೋಡಿದರೆ ಅದರೊಳಗೆ ಬಹಳ ಸಲ ಸಿಗುವುದು ಮತ್ತೊಬ್ಬರಿಗೆ ಸಲ್ಲಬೇಕಾಗಿದ್ದು ಸಲ್ಲದೆ ಉಳಿದ ಹಕ್ಕು ಎಂಬುದು ನನ್ನ ವಾದ.

ಮೊದಲು ಲೆಕ್ಕ. ಉದಾಹರಣೆಗೆ 1 ಕೋಟಿ ರೂಪಾಯಿಯ ಫ್ಲ್ಯಾಟು, ಅದರಲ್ಲಿ 80 ಲಕ್ಷ ಸಾಲ, ಬಡ್ಡಿ ಶೇ 8.5, ಅವಧಿ 20 ವರ್ಷ ಎಂದುಕೊಳ್ಳೋಣ. ತಿಂಗಳ ಕಂತು ಸುಮಾರು 69,400 ರೂಪಾಯಿ. ಸಾಲ ತೀರುವ ಹೊತ್ತಿಗೆ ಬ್ಯಾಂಕಿಗೆ ಕಟ್ಟಿದ ಮೊತ್ತ 1.66 ಕೋಟಿ ದಾಟಿರುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿಸಿದರೆ ನಗರದಲ್ಲಿ ಶೇ 7.6, ಅಂದರೆ 7.6 ಲಕ್ಷ ರೂಪಾಯಿ ನೋಂದಣಿಯ ದಿನವೇ ಕೈಬಿಡುತ್ತದೆ. ಮನೆಯ ಬೆಲೆಯ ಶೇ 3ರಷ್ಟು ವಾರ್ಷಿಕ ಬಾಡಿಗೆ ಬಂದರೂ ತಿಂಗಳಿಗೆ 25,000. ಕಂತಿಗೂ ಬಾಡಿಗೆಗೂ ನಡುವಿನ 44,000 ರೂಪಾಯಿಯನ್ನು ಪ್ರತಿ ತಿಂಗಳೂ ಸಂಬಳದಿಂದಲೇ ತುಂಬಬೇಕು. ಇಷ್ಟಾದರೂ ಜನ ಕೊಳ್ಳುತ್ತಾರೆಂದರೆ ನೆಲದ ಬೆಲೆ ಏರುತ್ತದೆಂಬ ನಂಬಿಕೆಯಿಂದ. ಹಾಗಾಗಿ ನೆಲದ ಮೇಲಿನ ಹಕ್ಕು ಎಷ್ಟು ಗಟ್ಟಿ ಎಂಬುದರ ಮೇಲೆ ಈ ಲೆಕ್ಕವೆಲ್ಲ ನಿಂತಿದೆ.

ಆ ಹಕ್ಕಿಗೆ ನಮ್ಮಲ್ಲಿ ಸರ್ಕಾರ ಜಾಮೀನು ನಿಲ್ಲುವುದಿಲ್ಲ. 1908ರ ನೋಂದಣಿ ಕಾಯ್ದೆಯಡಿ ಉಪನೋಂದಣಾಧಿಕಾರಿ ಪತ್ರವನ್ನು ನೋಂದಾಯಿಸುತ್ತಾರೆ. ಮಾರುವವರಿಗೆ ಮಾರುವ ಹಕ್ಕು ಇದೆಯೇ ಎಂಬ ವಿಚಾರಣೆ ಅವರ ಕೆಲಸವಲ್ಲ. ತಮಿಳುನಾಡಿನ ನಿಯಮವೊಂದನ್ನು ರದ್ದುಪಡಿಸುತ್ತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನೇ ಮತ್ತೆ ಹೇಳಿತು. ಪಹಣಿಯ ನಮೂದು ಸರಿ ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಭಾವಿಸುವುದು, ಆ ನಮೂದು ತಪ್ಪೆಂದು ರುಜುವಾತಾಗುವ ತನಕ ಮಾತ್ರ. ಖಾತೆಯಂತೂ ತೆರಿಗೆ ಕಟ್ಟುವವರು ಯಾರು ಎಂಬುದರ ದಾಖಲೆ. ಖಾತಾ ಬದಲಾವಣೆಯಿಂದ ಒಡೆತನ ಹುಟ್ಟುವುದಿಲ್ಲವೆಂದು ನ್ಯಾಯಾಲಯಗಳು ಎಷ್ಟೋ ತೀರ್ಪುಗಳಲ್ಲಿ ಹೇಳಿವೆ. ಆದರೆ ಸೈಟು ತೋರಿಸಲು ಬಂದವರ ಬಾಯಲ್ಲಿ ಮೊದಲು ಬರುವ ಮಾತು ‘ಖಾತಾ ಆಗಿದೆ ಸಾರ್’ ಎಂಬುದೇ. ‘ಬಿ ಖಾತಾ’ ಎಂದು ಜನ ಕರೆಯುವುದು ಮಂಜೂರಾತಿಯಿಲ್ಲದ ಆಸ್ತಿಗಳಿಂದ ತೆರಿಗೆ ವಸೂಲಿಗೆ ಪಾಲಿಕೆ ಇಟ್ಟ ವಹಿಯನ್ನು. ಅದಕ್ಕೂ ಮಾರುಕಟ್ಟೆಯಲ್ಲಿ ಬೆಲೆ ಕಟ್ಟಲಾಯಿತು.

ಋಣಭಾರ ಪ್ರಮಾಣಪತ್ರವನ್ನು, ಎಲ್ಲರೂ ಇಸಿ ಎನ್ನುವ ಹಾಳೆಯನ್ನು, ನಿಧಾನವಾಗಿ ಓದಬೇಕು. ತಾರೀಖು, ಪತ್ರದ ಸ್ವರೂಪ, ಬರೆದುಕೊಟ್ಟವರು, ಬರೆಸಿಕೊಂಡವರು, ಚಕ್ಕುಬಂದಿ ಎಲ್ಲವೂ ಅಲ್ಲಿರುತ್ತವೆ. ರೆವಿನ್ಯೂ ಸೈಟಿನ ಚಕ್ಕುಬಂದಿಯಲ್ಲಿ ‘ಉತ್ತರಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು’ ಎಂಬ ಮಾತು ಕಂಡರೆ ಅಲ್ಲಿ ನಿಲ್ಲಬೇಕು. ಆ ಉಳಿಕೆ ಎಷ್ಟು, ಯಾರದು, ಪೋಡಿ (ಸರ್ವೆ ನಂಬರಿನ ವಿಭಜನೆ) ಆಗಿದೆಯೇ ಎಂಬುದನ್ನು ಪತ್ರ ಹೇಳುತ್ತಿಲ್ಲ. ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ದಾವೆ, ಉತ್ತರಾಧಿಕಾರದಿಂದ ಬಂದ ಪಾಲು, ಬಾಯಿಮಾತಿನ ವಿಭಾಗ ಇವು ಸಾಮಾನ್ಯವಾಗಿ ಇಸಿಯಲ್ಲಿ ಮೂಡುವುದಿಲ್ಲ. ‘ಇಸಿ ಕ್ಲಿಯರ್’ ಎಂಬ ಮಾತಿನ ಅರ್ಥ ಅಷ್ಟಕ್ಕೇ ಸೀಮಿತ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೂಲಕ ನಡೆದ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲವೆಂದು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಬೆಂಗಳೂರಿನ ಸುತ್ತಲ ಎಷ್ಟೋ ಜಮೀನಿನ ಹಿಂದೆ ಸರ್ಕಾರದ ಮಂಜೂರಾತಿಯ ಚರಿತ್ರೆ ಇದೆ. ಭೂಮಿಯಿಲ್ಲದ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಪರಭಾರೆ ಮಾಡಬಾರದೆಂಬ ಷರತ್ತಿನ ಮೇಲೆ ಕೊಟ್ಟ ಜಮೀನು ಕಷ್ಟಕಾಲದಲ್ಲಿ ಅಲ್ಪ ಹಣಕ್ಕೆ ಕೈತಪ್ಪಿ ಹೋಯಿತು. ಪಿಟಿಸಿಎಲ್ ಎಂದು ಕರೆಯುವ 1978ರ ಕಾಯ್ದೆ ಅಂಥ ಮಾರಾಟವನ್ನು ಅಸಿಂಧುವಾಗಿಸಿ, ಜಮೀನನ್ನು ಮೂಲ ಮಂಜೂರುದಾರರಿಗೆ ಇಲ್ಲವೇ ವಾರಸುದಾರರಿಗೆ ಮರಳಿಸುತ್ತದೆ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕೆಂದು 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಹೇಳಿದಾಗ ಬಹಳ ಅರ್ಜಿಗಳು ಬಿದ್ದುಹೋದವು. 2023ರ ತಿದ್ದುಪಡಿ ಕಾಲಮಿತಿಯನ್ನು ತೆಗೆದುಹಾಕಿತು. ಕೊಳ್ಳುವವರ ವಕೀಲರು ‘ಪಿಟಿಸಿಎಲ್ ತಕರಾರು’ ಎಂದು ಬರೆಯುವುದನ್ನು ಮಂಜೂರುದಾರರ ಮನೆಯಲ್ಲಿ ‘ನಮ್ಮಪ್ಪನ ಭೂಮಿ’ ಎನ್ನುತ್ತಾರೆ. ಎರಡೂ ಒಂದೇ ಸರ್ವೆ ನಂಬರಿನ ಮಾತು. ಕಾಯ್ದೆಯನ್ನು ಅಭಿವೃದ್ಧಿಗೆ ತೊಡಕೆಂದು ದೂರುವವರು ಈ ಎರಡನೆಯ ಮಾತಿಗೂ ಕಿವಿಗೊಡಬೇಕೆಂದು ನಾನು ನಂಬುತ್ತೇನೆ.

ಸರ್ಕಾರಿ ಬಡಾವಣೆಯಾದರೆ ನಿಶ್ಚಿಂತೆ ಎಂಬ ಮಾತೂ ಪೂರ್ತಿ ನಿಜವಲ್ಲ. ಅರ್ಕಾವತಿ ಬಡಾವಣೆಗೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2003ರ ಫೆಬ್ರವರಿಯಲ್ಲಿ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಮರುವರ್ಷದ ಅಂತಿಮ ಅಧಿಸೂಚನೆಯಲ್ಲಿ 2,750 ಎಕರೆ ಉಳಿಯಿತು. ಪಕ್ಕದ ಜಮೀನು ಬಿಟ್ಟು ನಮ್ಮದನ್ನೇಕೆ ತೆಗೆದುಕೊಂಡಿರಿ ಎಂದು ರೈತರು ಕೇಳಿದರು. 2010ರಲ್ಲಿ ಬೋಂಡು ರಾಮಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನು ಎತ್ತಿಹಿಡಿದರೂ, ನಿರ್ದಿಷ್ಟ ಕಾರಣಗಳಿದ್ದವರು ಜಮೀನು ಕೈಬಿಡುವಂತೆ ಕೋರಲು ದಾರಿ ಬಿಟ್ಟಿತು. ಹಂಚಿಕೆಯಾದ ನಿವೇಶನಗಳು ಹಾಗೆ ಕೈಬಿಟ್ಟ ಜಮೀನಿನಲ್ಲೇ ಇದ್ದವರು ಹಣ ಕಟ್ಟಿಯೂ ಬದಲಿ ನಿವೇಶನಕ್ಕಾಗಿ ವರ್ಷಗಟ್ಟಲೆ ಅಲೆದರು. ಡಾ. ಶಿವರಾಮ ಕಾರಂತ ಬಡಾವಣೆಯ ಕತೆ ಇನ್ನೂ ಉದ್ದ. 2008ರ ಕೊನೆಯಲ್ಲಿ 17 ಹಳ್ಳಿಗಳ 3,546 ಎಕರೆಗೆ ಅಧಿಸೂಚನೆ ಬಂತು, ಹೈಕೋರ್ಟ್ ಅದನ್ನು ರದ್ದು ಮಾಡಿತು, 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತು. ನಡುವಿನ ಹತ್ತು ವರ್ಷಗಳಲ್ಲಿ ಅಲ್ಲಿ ಸೈಟು ಕೊಂಡು ಮನೆ ಕಟ್ಟಿಕೊಂಡವರು ಏಳುವ ಹೊತ್ತಿಗೆ ಸ್ವಾಧೀನದ ನೆಲದಲ್ಲಿದ್ದರು.

ಫ್ಲ್ಯಾಟಿನ ವಿಷಯದಲ್ಲಿ 2016ರ ರೇರಾ ಕಾಯ್ದೆ ಒಂದಿಷ್ಟು ಬಲ ತಂದಿದೆ: ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು, ಕರಾರು ನೋಂದಣಿಯಾಗದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ರಚನೆಯ ದೋಷಕ್ಕೆ ಐದು ವರ್ಷ ಹೊಣೆ. ಆದರೆ 500 ಚದರ ಮೀಟರ್ ದಾಟದ ಜಾಗದ ಇಲ್ಲವೇ ಎಂಟು ಮನೆ ಮೀರದ ಯೋಜನೆಗಳಿಗೆ ನೋಂದಣಿಯ ಕಡ್ಡಾಯವಿಲ್ಲ. ಬೆಂಗಳೂರಿನ ಒಳಗಲ್ಲಿಗಳಲ್ಲಿ ಹಳೇ ಮನೆ ಕೆಡವಿ ಎದ್ದು ನಿಲ್ಲುವ ನಾಲ್ಕಂತಸ್ತಿನ ಕಟ್ಟಡಗಳಲ್ಲಿ ಬಹಳಷ್ಟು ಈ ಸಂದಿಯಲ್ಲೇ ಇವೆ.

ಇಷ್ಟು ಕಾಗದಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಕಡತದ ಕೆಳಗೆಲ್ಲೋ ಸೇರಿರುವ ವಂಶವೃಕ್ಷ. ಕರ್ನಾಟಕ 1994ರ ಜುಲೈ 30ರಿಂದಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ಕೇಂದ್ರ ತಿದ್ದುಪಡಿ ಮದುವೆಯ ಭೇದವನ್ನು ತೆಗೆಯಿತು. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದಿತು. ಬಾಯಿಮಾತಿನ ವಿಭಾಗವನ್ನು ಸುಲಭಕ್ಕೆ ಒಪ್ಪಲಾಗದು ಎಂದೂ ಸೇರಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ಪರಭಾರೆಗಳಿಗೆ ರಕ್ಷಣೆ ಇದೆ. ಅಣ್ಣತಮ್ಮಂದಿರು ಬರೆದುಕೊಂಡ ಹಳೆಯ ಪಾಲುಪಟ್ಟಿ, ಪಂಚಾಯ್ತಿ ಪಾರೀಕತ್ತುಗಳಲ್ಲಿ ಅಕ್ಕತಂಗಿಯರ ಹೆಸರು ಇಲ್ಲ. ಇದ್ದರೂ ಅರಿಶಿನ ಕುಂಕುಮಕ್ಕೆಂದು ಏನೋ ಕೊಟ್ಟ ಒಂದು ಸಾಲಿನಲ್ಲಿ ಮುಗಿಯುತ್ತದೆ. ಹೊಲ ಹೊಲವಾಗಿದ್ದಾಗ ಆ ಸಾಲನ್ನು ಪ್ರಶ್ನಿಸಿ ತವರಿನ ಬಾಗಿಲು ಮುಚ್ಚಿಸಿಕೊಳ್ಳಲು ಹೆಣ್ಣುಮಕ್ಕಳು ಹಿಂಜರಿದರು. ಅದೇ ಹೊಲದ ಗುಂಟೆಗೆ ಲಕ್ಷಗಳ ಬೆಲೆ ಬಂದಾಗ ಪಾಲು ಕೇಳಿದರೆ ಅದನ್ನು ದುರಾಸೆ ಎನ್ನುವುದು ಅನ್ಯಾಯ. ಕೇಳಿದ್ದು ತಡವಾಯಿತು, ಹಕ್ಕು ಮೊದಲಿನಿಂದಲೂ ಇತ್ತು.

ಆದ್ದರಿಂದ ಕಡತ ಕೈಗೆ ಬಂದಾಗ ನೋಡಬೇಕಾದ್ದು ಇದು: ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರುಗಳಿವೆಯೇ, ತೀರಿಕೊಂಡ ಮಗಳ ಮಕ್ಕಳ ಹೆಸರುಗಳಿವೆಯೇ, ಇದ್ದವರೆಲ್ಲ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟಿದ್ದಾರೆಯೇ, ಅದಕ್ಕೆ ಅವರಿಗೆ ಸಂದ ಹಣ ಎಷ್ಟು. ‘ಹೆಣ್ಣುಮಕ್ಕಳು ಏನೂ ಕೇಳಲ್ಲ ಬಿಡಿ’ ಎಂದು ಮಾರುವವರು ಹೇಳಿದರೆ, ಆ ಮಾತನ್ನು ಆ ಹೆಣ್ಣುಮಕ್ಕಳ ಬಾಯಿಂದಲೇ ಕೇಳಲು ಅವರ ಊರಿಗೆ ಒಮ್ಮೆ ಹೋಗಿ ಬರಬೇಕು.