ಕೆರೆ ಕಾಡಾಗುವ ಸರದಿ

ಕೆರೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಕೆರೆಯಾಗಿ ಉಳಿಯಲ್ಲ. ಮಳೆ ಚೆನ್ನಾಗಿ ಬಂದರೂ ಅಷ್ಟೇ.

ಮೊದಲು ಪಾಚಿ, ನೀರೊಳಗಿನ ಸೊಪ್ಪು. ಅವು ಸತ್ತು ಕೊಳೆತು ತಳ ಸೇರ್ತವೆ, ಮೇಲಿನ ಹೊಲಗಳ ಮಣ್ಣೂ ಬಂದು ಕೂರುತ್ತೆ. ಆಳ ಕಮ್ಮಿ ಆದಾಗ ತಾವರೆ, ನೈದಿಲೆ ಬೇರು ಬಿಡ್ತವೆ. ಇನ್ನೂ ಕಮ್ಮಿ ಆದರೆ ಜೊಂಡು. ಜೊಂಡು ಹೂಳನ್ನು ಹಿಡಿದಿಟ್ಟು ತಾನು ನಿಂತ ನೆಲವನ್ನೇ ಎತ್ತರಿಸುತ್ತೆ, ಕೊನೆಗೆ ತನಗೇ ನೀರು ಸಾಲದಂಗೆ ಮಾಡಿಕೊಳ್ಳುತ್ತೆ. ಆಮೇಲೆ ತುಂಗೆ, ಗರಿಕೆ, ಅವುಗಳ ಹಿಂದೆ ಪೊದೆ, ಮರ. ಒಂದು ಗಿಡ ಹದ ಮಾಡಿದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತೆ. ಇದನ್ನೇ ಪರಿಸರ ಅನುಕ್ರಮ ಅಂತಾರೆ. ಅಮೆರಿಕದ ಹೆನ್ರಿ ಕೌಲ್ಸ್ 1899ರಲ್ಲಿ ಮಿಷಿಗನ್ ಸರೋವರದ ದಡದ ಮರಳು ದಿಬ್ಬಗಳಲ್ಲಿ ಇಂಥದೇ ಸರದಿ ಕಂಡು ಬರೆದಿಟ್ಟರು: ನೀರಿನಂಚಲ್ಲಿ ಬರೀ ಮರಳು, ಹಿಂದೆ ಹುಲ್ಲು, ಅದರ ಹಿಂದೆ ಕಾಡು.

ಹಂಗಾದ್ರೆ ನಮ್ಮ ಕೆರೆಗಳು ನೂರಾರು ವರ್ಷ ಹೇಗೆ ಉಳಿದವು? ಜನ ಈ ಸರದಿಯನ್ನು ಬೇಸಿಗೆ ಬೇಸಿಗೆಗೂ ಹಿಂದಕ್ಕೆ ತಳ್ಳುತ್ತಿದ್ದರು. ಗಾಡಿ ಕಟ್ಟಿ ಕೆರೆಗೋಡು ಹೊಡೆದು ಹೊಲಕ್ಕೆ, ಹಿಪ್ಪುನೇರಳೆ ತೋಟಕ್ಕೆ ಹಾಕ್ತಿದ್ರು. ಆಪು ಕೊಯ್ದು ಚಾಪೆ ಹೆಣೀತಿದ್ರು. ಅಂಗಳದ ಹುಲ್ಲು ದನಕ್ಕೆ. ತೂಬು, ಕಾಲುವೆ ನೋಡಿಕೊಳ್ಳೋಕೆ ನೀರುಗಂಟಿ. ಬಿ.ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ಹೊರತಂದಾಗ ನಮ್ಮ ತಾಲ್ಲೂಕೂ ಅದೇ ಜಿಲ್ಲೆಯಲ್ಲಿತ್ತು. ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ ಬಿಟ್ಟುಕೊಟ್ಟ ಕಟ್ಟುಕೊಡಗೆ ಭೂಮಿಯ ಮಾತು ಈ ಸೀಮೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಅಂದರೆ ಆ ದುಡಿಮೆಗೆ ಕೂಲಿ ಗೊತ್ತಾಗಿತ್ತು.

ಆಮೇಲೆ ಮೂಟೆ ಗೊಬ್ಬರ ಬಂತು, ಗೋಡು ಬೇಡವಾಯ್ತು. ಬೋರ್‌ವೆಲ್ ಬಂತು, ತೂಬು ಬೇಡವಾಯ್ತು. ಬೋರು ಸಾವಿರ ಅಡಿ ದಾಟುವ ಹೊತ್ತಿಗೆ ಕೆರೆ ಅಂಗಳ ಒಣಗಿ ಸೀಮೆಜಾಲಿ ತುಂಬಿತ್ತು. ಇದು ಅಮೆರಿಕ ಖಂಡದ ಗಿಡ. 1877ರ ಸುಮಾರಿಗೆ ಪಕ್ಕದ ಕಡಪ ಸೀಮೆಗೆ ಬಂತು. ಮೇಕೆ, ದನ ಕಾಯಿ ತಿಂದು ಹಾಕಿದ ಕಡೆಯೆಲ್ಲ ಹುಟ್ಟಿತು. ಇದು ಸರದಿಗೆ ಕಾಯಲ್ಲ, ಬಂದ ಮೇಲೆ ತನ್ನ ಬುಡದಲ್ಲಿ ಬೇರೆ ಗಿಡಕ್ಕೂ ಸುಲಭಕ್ಕೆ ಜಾಗ ಕೊಡಲ್ಲ. ಸರದಿ ಅಲ್ಲಿಗೇ ನಿಂತುಬಿಡುತ್ತೆ.

ಈಗ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರೀತಿದೆ. ಎರಡು ಹಂತ ಸಂಸ್ಕರಿಸಿದ ನೀರಲ್ಲೂ ಸಾರಜನಕ, ರಂಜಕ ಉಳಿದಿರುತ್ತೆ. ನಮ್ಮ ಪೈರಿಗೆ ಯೂರಿಯಾ, ಡಿಎಪಿ ಹಾಕಿದರೆ ಹೇಗೋ, ಜೊಂಡಿಗೆ, ಅಂತರಗಂಗೆಗೆ ಈ ನೀರು ಹಾಗೆ. ನಿಧಾನಕ್ಕೆ ನಡೆಯಬೇಕಾದ ಸರದಿ ಓಡೋಕೆ ಶುರು ಮಾಡುತ್ತೆ.

ಅದಕ್ಕೆ ನೀರು ಬಂತು ಅಂತ ಸುಮ್ಮನೆ ಕೂರೋ ಹಂಗಿಲ್ಲ. ಜೊಂಡು ಕೊಯ್ದು ಅಲ್ಲೇ ಬಿಟ್ಟರೆ ಅದೇ ಹೂಳಾಗುತ್ತೆ, ಕೆರೆಯಿಂದ ಆಚೆಗೆ ಸಾಗಿಸಲೇಬೇಕು. ಗೋಡು ತೆಗೆಯೋ ಕೆಲಸವನ್ನು ಗ್ರಾಮಸಭೆಯಲ್ಲಿ ಎತ್ತಿ, ಕ್ರಿಯಾಯೋಜನೆಗೆ ಸೇರಿಸಿ ಅಂತ ಕೇಳಿ. ಒಂದು ಎಚ್ಚರಿಕೆ: ಈ ನೀರು ನಿಂತ ಕೆರೆಯ ಗೋಡನ್ನು ತಾತನ ಕಾಲದಂಗೆ ನೇರ ಹಿಪ್ಪುನೇರಳೆಗೆ ಹೊಡೀಬೇಡಿ. ಭಾರಲೋಹ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿಸಿ. ಆ ಸೊಪ್ಪು ಮೇಯೋದು ನಮ್ಮ ಹುಳ.